ಎಡೆಯಲ್ಲೊಂದು ಉಸಿರು

ನಮ್ಮೂರಿನಲ್ಲಿ ಬರೆದದ್ದು ಹೊತ್ತು ಮುಳುಗುವ ತನಕ ಮಾತ್ರ ನಿಲ್ಲುತ್ತದೆ. ಸೂರ್ಯ ಕೆರೆಯಾಚೆಯ ದಿಬ್ಬಕ್ಕೆ ಮೈ ತಾಗಿಸಿದ ಕೂಡಲೇ ಕಾಗದದ ಮೇಲಿನ ಅಕ್ಷರಗಳು ಮೊದಲು ಸ್ವಲ್ಪ ಮಿಸುಕಾಡುತ್ತವೆ, ಒತ್ತಕ್ಷರಗಳು ತಮ್ಮ ತಾಯಕ್ಷರದಿಂದ ಕಳಚಿಕೊಳ್ಳುತ್ತವೆ, ಆಮೇಲೆ ಎಲ್ಲವೂ ಕೂಡಿ ಮಳೆಹುಳುಗಳ ಹಾಗೆ ಎದ್ದು ಕೆರೆಯ ಕಡೆಗೆ ಹೋಗುತ್ತವೆ. ದಾರಿಯಲ್ಲಿ ಸೋತು ಅಂಗಳಕ್ಕೆ ಬಿದ್ದ ಕೊಂಬುಗಳನ್ನೂ ಗುಡಿಸುಗಳನ್ನೂ ಹೆಂಗಸರು ಬೆಳಿಗ್ಗೆ ಕಸದ ಜೊತೆ ಗುಡಿಸುತ್ತಾರೆ. ಅಂಗಡಿಯ ಹಲಗೆಗಳನ್ನು ದಿನಾ ಮುಂಜಾನೆ ಬರೆಯಬೇಕು. ಬರೆಯುವವನಿಗೆ ಬೇಸರವಾದ ದಿನ ಎಲ್ಲ ಅಂಗಡಿಗೂ ಒಂದೇ ಹೆಸರು. ಮದುವೆಯ ಕರೆಯೋಲೆ ಓದಲು ಬರುವುದಿಲ್ಲ, ಹಾಡಿಕೊಂಡು ಮನೆಬಾಗಿಲಿಗೆ ಬರುತ್ತದೆ. ಔಷಧಿಯ ಶೀಶೆಗಳನ್ನು ವಾಸನೆಯಿಂದ ಗುರುತಿಸುತ್ತೇವೆ. ಮುಂಗೈ ಮೇಲೆ ಗಂಡನ ಹೆಸರಿನ ಹಚ್ಚೆ ಹಾಕಿಸಿಕೊಂಡವರಿಗೆ ಸಂಜೆಯಾದರೆ ಅಲ್ಲಿ ಸ್ವಲ್ಪ ತುರಿಕೆ, ಅಷ್ಟೇ. ಹೆಸರು ಹಾರಿಹೋಗಲು ನೋಡುತ್ತದೆ, ಚರ್ಮ ಬಿಡುವುದಿಲ್ಲ.

ಇದು ಯಾಕೆ ಹೀಗೆ ಎಂದು ಕೇಳುವವರು ನಮ್ಮಲ್ಲಿ ಇಲ್ಲ. ಗಾಳಿ ಯಾಕೆ ಬೀಸುತ್ತದೆ ಎಂದು ಕೇಳುತ್ತೇವೆಯೇ? ಹಗ್ಗಕ್ಕೆ ಬಟ್ಟೆ ಕಟ್ಟಿ ಒಣಗಿಸುತ್ತೇವೆ.

ಹಗ್ಗವೆಂದರೆ ನೆನಪಾಯಿತು. ಊರಿಗೆ ಇರುವುದು ಒಂದೇ ಕಾರ್ಖಾನೆ, ಹಗ್ಗದ್ದು. ಪುಂಡಿಯ ಕಟ್ಟುಗಳನ್ನು ಕೆರೆಯಲ್ಲಿ ನೆನೆಹಾಕಿ, ನಾರು ಬಿಡಿಸಿ, ಬಿಸಿಲಿಗೆ ಹರವಿ, ಬಾಚಿ, ಎಳೆ ಕೂಡಿಸಿ ಹೊಸೆಯುತ್ತಾರೆ. ಇನ್ನೂರು ಮುನ್ನೂರು ಹೆಂಗಸರ ಕೈ ಒಟ್ಟಿಗೆ ಆಡುವಾಗ ಗೋಡೆಯಾಚೆಗೆ ಒಣಹುಲ್ಲಿನ ಮೇಲೆ ಮಳೆ ಬಿದ್ದಂಥ ಸದ್ದು. ಆ ಕಾರ್ಖಾನೆಯ ಕಾಯ್ದೆಯನ್ನು ಬರೆದಿಟ್ಟರೆ ಉಳಿಯುವುದಿಲ್ಲವಲ್ಲ, ಹಿರಿಯರು ಅದನ್ನು ಕಾವ್ಯ ಮಾಡಿದ್ದರು. ಆರು ಸಂಧಿ, ಎಲ್ಲವೂ ಭಾಮಿನಿ ಷಟ್ಪದಿಯಲ್ಲಿ. ನೇಮಕದ ಸಂಧಿ, ರಜೆಯ ಸಂಧಿ, ಮುನ್ಸೂಚನೆಯ ಸಂಧಿ, ಮುಷ್ಕರ ಮತ್ತು ಬೀಗಮುದ್ರೆಯ ಸಂಧಿ, ವಜಾದ ಸಂಧಿ, ಕಡೆಗೆ ನಿವೃತ್ತಿಯ ಸಂಧಿ. ರಜೆಯನ್ನು ಭೂಪದಲ್ಲಿ ಹಾಡಬೇಕು. ವಜಾಕ್ಕೆ ರಾಗವೇ ಇಲ್ಲ, ಬರಿದೇ ಓದಬೇಕು. ನಿವೃತ್ತಿಗೆ ಭೈರವಿ. ದುಡಿದು ದಣಿದವರನ್ನು ಕಾರ್ಖಾನೆಯ ಬಾಗಿಲಲ್ಲಿ ನಿಲ್ಲಿಸಿ, ಹೆಸರು ಸೇರಿಸಿ ಆ ಸಂಧಿಯನ್ನು ಹಾಡುವಾಗ ಎತ್ತುಗಳೂ ಮೆಲುಕಾಡುವುದನ್ನು ನಿಲ್ಲಿಸುತ್ತವೆ ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ನಿಂತ ಎತ್ತುಗಳನ್ನು ನೋಡಿದ್ದೇನೆ.

ನಾನು ಅಲ್ಲಿ ಕೇಳುಗನಾಗಿದ್ದೆ. ಮೂವತ್ತೊಂದು ವರ್ಷ.

ನಾನು ಹುಟ್ಟಿದ್ದು ಮಠದ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ. ದಿನವೂ ಸಂಜೆ ಮಠದಲ್ಲಿ ಪುರಾಣದ ಓದು; ಪದ್ಯಗಳು ಗೋಡೆ ದಾಟಿ ನನ್ನ ತೊಟ್ಟಿಲಿಗೆ ಬರುತ್ತಿದ್ದವು. ಮಾತು ಕಲಿಯುವ ಮೊದಲು ನಾನು ಕೇಳುವುದನ್ನು ಕಲಿತೆ. ಗುರುಪಾದ ಮೂಕನೋ ಏನೋ ಎಂದು ತಾಯಿ ಅಂಜಿದ್ದಳಂತೆ. ಕೇಳುವುದೂ ಒಂದು ಪೂಜೆ ಎಂದು ನನಗೆ ಆಗಲೇ ಅನಿಸಿತ್ತು. ಅದಕ್ಕೆ ಹೂವು ಬೇಡ, ಗಂಟೆ ಬೇಡ, ನಡುವೆ ಬಾಯಿ ಹಾಕದಿದ್ದರೆ ಸಾಕು.

ಕಾರ್ಖಾನೆಯ ಬಾಗಿಲಲ್ಲಿ ಒಂದು ಮಣೆ ಇದೆ. ಬೆಳಿಗ್ಗೆ ಕೇಳುಗ ಅದರ ಮೇಲೆ ಕೂರುತ್ತಾನೆ, ಪಕ್ಕದಲ್ಲಿ ಗಮಕಿ ನಿಲ್ಲುತ್ತಾನೆ. ಗಮಕಿ ಆ ದಿನದ ಪದ್ಯ ಹಾಡುತ್ತಾನೆ. ಆಮೇಲೆ ಹಂಗಾಮಿಗಳು ಒಬ್ಬೊಬ್ಬರಾಗಿ ಮುಂದೆ ಬಂದು ಇವತ್ತು ತಮ್ಮದು ಎಷ್ಟನೆಯ ದಿನವೆಂದು ಹೇಳುತ್ತಾರೆ. ಕೇಳುಗ "ಕೇಳಿದೆ" ಎನ್ನುತ್ತಾನೆ. ಅವನು ಕೇಳಿದ್ದು ಮಾತ್ರ ಕಾಯ್ದೆ. ಮಣೆಯ ಮೇಲೆ ಕೂತಿರುವಷ್ಟು ಹೊತ್ತು ಅವನು ಆಡಬಹುದಾದ ಮಾತು ಅದೊಂದೇ. ಎರಡನೆಯ ಮಾತು ಆಡಿದರೆ ದುರ್ನಡತೆ. ವಜಾದ ಸಂಧಿ ಶುರುವಾಗುವುದೇ ಆ ಪದ್ಯದಿಂದ. ದುರ್ನಡತೆಗೆ ಮುನ್ಸೂಚನೆ ಇಲ್ಲ. ವಜಾ ಆದವನಿಗೆ ಭೈರವಿ ಇಲ್ಲ.

ನನಗೆ ಈ ನಿಯಮ ಎಂದೂ ಭಾರವೆನಿಸಿರಲಿಲ್ಲ. ಇನ್ನು ನಾಲ್ಕು ತಿಂಗಳಿಗೆ ನನ್ನದೂ ನಿವೃತ್ತಿ. ಕಾರ್ಖಾನೆಗೆ ಸೇರಿದ ಮೊದಲನೆಯ ವರ್ಷದಿಂದಲೂ ನಾನು ಒಂದನ್ನೇ ಬೇಡಿಕೊಂಡವನು. ಎಷ್ಟೋ ಜನರ ಹೆಸರು ಭೈರವಿಯಲ್ಲಿ ಕರಗುವುದನ್ನು ಕೇಳಿದ ಈ ಕಿವಿ, ಒಂದು ದಿನ ತನ್ನ ಹೆಸರನ್ನೂ ಹಾಗೆ ಕೇಳಬೇಕು.

ನೇಮಕದ ಸಂಧಿಯಲ್ಲಿ ಒಂದು ಅರ್ಧ ಪದ್ಯವಿದೆ. ಊರಿನ ಹೆಂಗಸರಿಗೆಲ್ಲ ಬಾಯಿಪಾಠ. "ಎಡೆಬಿಡದೆ ದುಡಿದವರ ದಿನಗಳು ಕಡೆಗೆ ಇನ್ನೂರನ್ನು ಮೀರುತ ನಡೆದು ನಲುವತ್ತಾಗೆ ಕಾಯಂ ಎನಿಸಿ ನಿಲಬೇಕು." ಇನ್ನೂರ ನಲವತ್ತು ದಿನ ಎಡೆಬಿಡದೆ ದುಡಿದವರು ಕಾಯಂ. ಕಾಯಂ ಆದರೆ ಸುಮ್ಮನೆ ಹೊರಗೆ ಹಾಕುವಂತಿಲ್ಲ. ಕಾಯಂ ಆದವರ ಕೂಸುಗಳಿಗೆ ಬಾಗಿಲ ಒಳಗೇ ತೊಟ್ಟಿಲಮನೆ ಇದೆ. ಕೂಸು ಅತ್ತರೆ ತಾಯಿ ಎದ್ದುಹೋಗಿ ಹಾಲು ಕೊಡಬಹುದು. ಹಂಗಾಮಿ ಹೆಂಗಸು ಸಾಲು ಬಿಟ್ಟು ಏಳುವಂತಿಲ್ಲ. ಎದ್ದರೆ ಮಾರನೆಯ ದಿನ ಅವಳ ಎಣಿಕೆ ಒಂದರಿಂದ.

ಕಾಯಂ ಆಗುವುದು ಪದ್ಯದಲ್ಲಿ ಸುಲಭ. ಇನ್ನೂರ ಮೂವತ್ತೊಂಬತ್ತನೆಯ ಸಂಜೆ ಮ್ಯಾನೇಜರ್ ನಾಡಗೌಡರು ನಗುನಗುತ್ತ ಬಂದು, "ದಣದೀರಿ, ಮೂರು ದಿನ ಮನ್ಯಾಗ ಆರಾಮ ಮಾಡ್ರವಾ" ಎನ್ನುತ್ತಿದ್ದರು. ನಾಲ್ಕನೆಯ ದಿನ ಬಂದವಳು ಮತ್ತೆ "ಒಂದು" ಎನ್ನಬೇಕು. ಕೆಲವು ಮುದುಕಿಯರು ಹನ್ನೆರಡು ಸಲ, ಹದಿನೈದು ಸಲ ಒಂದಾದವರು. ನಾನು ಅವರ ಎಲ್ಲ ಒಂದುಗಳನ್ನೂ ಕೇಳಿದ್ದೇನೆ.

ಬಾಳವ್ವ ನಾಲ್ಕು ಸಲ ಒಂದಾದವಳು. ಎಳೆ ಕೂಡಿಸುವುದರಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ಎಲ್ಲಿ ಒಂದು ನಾರು ಮುಗಿದು ಇನ್ನೊಂದು ಶುರುವಾಯಿತೆಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ಐದನೆಯ ಸಲ ಎಣಿಕೆ ನೂರಾ ತೊಂಬತ್ತೆಂಟಕ್ಕೆ ಬಂದಾಗ ಅವಳಿಗೆ ಸಾಲಿನಲ್ಲೇ ಬೇನೆ ಬಂತು. ನಾಲ್ಕು ಜನ ಎತ್ತಿಕೊಂಡು ಹೋದರು. ಹಾದುಹೋಗುವಾಗ ಆ ನೋವಿನಲ್ಲೂ ನನ್ನ ಕಡೆ ತಿರುಗಿ, "ಅಣ್ಣಾರ, ನೂರಾ ತೊಂಬತ್ತೆಂಟು, ನೆಪ್ಪಿರಲಿ" ಅಂದಳು. ನಾನು ಕೇಳಿದೆ ಅಂದೆ.

ನಲವತ್ತೆರಡು ದಿನ ಬಿಟ್ಟು ಬಂದಳು. ಹಿಂದೆ ಅವಳ ಅತ್ತೆ ತಿಪ್ಪವ್ವ, ಕಣ್ಣು ಮಂಜಾದ ಮುದುಕಿ, ಮಗುವನ್ನು ಎತ್ತಿಕೊಂಡು ಬಂದು ಬಾಗಿಲ ಎದುರಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿದಳು. ಆ ಹೊತ್ತಿಗೆ ಗಮಕಿಯೂ ಬದಲಾಗಿದ್ದ. ಇಪ್ಪತ್ತಾರು ವರ್ಷ ನನ್ನ ಪಕ್ಕ ನಿಂತು ಹಾಡಿದ ಅಡಿವಯ್ಯನವರು ಆ ಬೇಸಿಗೆಯಲ್ಲಿ ಲಿಂಗೈಕ್ಯರಾಗಿದ್ದರು. ಅವರ ಜಾಗಕ್ಕೆ ಚಿದಂಬರ ಎಂಬ ಹೊಸ ಹುಡುಗ, ಮದುವೆಯಾಗಿ ವರ್ಷ ತುಂಬಿಲ್ಲ, ಆರು ತಿಂಗಳ ಪರೀಕ್ಷಾವಧಿಯ ಮೇಲೆ ಬಂದಿದ್ದ. ಒಳ್ಳೆಯ ಕಂಠ, ಹೊಸ ಕಂಚಿನ ಬಿಂದಿಗೆಯ ಹಾಗೆ.

ಅವತ್ತು ಚಿದಂಬರ ನೇಮಕದ ಪದ್ಯ ಹಾಡಿದ. ಆದರೆ "ಎಡೆ" ಎಂದು ನಿಂತ. ಒಂದು ಕ್ಷಣ ಬಿಟ್ಟು "ಬಿಡದೆ" ಎಂದ.

ಬಾಳವ್ವ ಮುಂದೆ ಬಂದು, "ನೂರಾ ತೊಂಬತ್ತೊಂಬತ್ತು" ಅಂದಳು.

"ಒಂದು ಅನ್ನಬೇಕ್ರಿ ಅಕ್ಕಾರ" ಎಂದ ಚಿದಂಬರ, ನೆಲ ನೋಡುತ್ತ.

"ಯಾಕ್ರಿ ಒಂದು? ನಾ ಈಗ ಹುಟ್ಟೇನೇನು? ಹುಟ್ಟಿದ್ದು ಅದು, ಅಲ್ಲಿ ಜೋಲ್ಯಾಗೈತಿ."

ಸಾಲಿನ ಹೆಂಗಸರು ನಕ್ಕರು. ಹಿಂದೆ ನಿಂತಿದ್ದ ನಾಡಗೌಡರೂ ನಕ್ಕು ಮುಂದೆ ಬಂದರು. "ಪದ್ಯ ಕೇಳಿದಿಲ್ಲೋ ಬಾಳವ್ವ? ಎಡೆ, ಬಿಡದೆ. ಎಡೆ ಅಂದ್ರ ಜಾಗ. ಜಾಗ ಬಿಡದ ದುಡದವರು ಕಾಯಂ. ನೀ ನಲವತ್ತೆರಡು ದಿನ ಜಾಗ ಬಿಟ್ಟಿದ್ದಿ. ಬಾಳಂತನ ಮಾಡ್ಕೊಳ್ಳಾಕ ನಾವು ಬ್ಯಾಡ ಅಂದೀವೇನು? ಆದ್ರ ಎಣಿಕಿ ಒಂದರಿಂದ."

"ನಮ್ಮವ್ವ ಹಂಗ ಹಾಡತಿರಲಿಲ್ರಿ. ಎಡೆಬಿಡದೆ ಅಂದ್ರ ಬಿಟ್ಟೂಬಿಡದ ಅಂತ."

"ನಿಮ್ಮವ್ವ ಗಮಕಿ ಅಲ್ಲಲ್ಲ."

"ಗೌಡ್ರ, ನಾರು ಮೊಳಕ್ಕ ಮುಗೀತದ. ಮುಗೀತಂತ ಹಗ್ಗಾನೂ ಮುಗೀತೇನ್ರಿ? ಹಂಗಂದ್ರ ನೀವು ಇಲ್ಲೀತನಕ ಮಾರಿದ್ದೆಲ್ಲ ಮೊಳದುದ್ದದ ಹಗ್ಗಾನ."

ಮತ್ತೆ ನಗು. ನಾಡಗೌಡರ ಮುಖ ಬಿಗಿಯಿತು. "ಒಂದು" ಎಂದರು. "ನೂರಾ ತೊಂಬತ್ತೊಂಬತ್ತು" ಎಂದಳು. ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಇರುವುದು ಒಂದೇ ಮಾತು. ನಾನು ಅದನ್ನು ಎರಡು ಸಲ ಆಡಿದೆ. ಅವರಿಗೊಂದು, ಅವಳಿಗೊಂದು.

ಒಳಗೆ ಹೋಗುವ ಮುನ್ನ ಬಾಳವ್ವ ನನ್ನೆದುರು ಬಗ್ಗಿ ಮೆಲ್ಲಗೆ ಹೇಳಿದಳು. "ಎರಡು ಕಿವಿ ಅದಾವಂತ ಎರಡಕ್ಕೂ ಕೇಳಿದೆ ಅಂದ್ರ ಹೆಂಗ್ರಿ ಅಣ್ಣಾರ?"

ಅದು ಹಾಗೇ ನಡೆಯಿತು. ದಿನಾ ಬೆಳಿಗ್ಗೆ ಅವಳು ಇನ್ನೂರು, ಇನ್ನೂರಾ ಒಂದು ಎನ್ನುವಳು. ಚಿದಂಬರ ಎರಡು, ಮೂರು ಎನ್ನುವನು. ಎರಡು ಎಣಿಕೆಗಳು ಒಂದೇ ಗಾಡಿಯ ಎರಡು ಗಾಲಿಯ ಹಾಗೆ ಪಕ್ಕಪಕ್ಕದಲ್ಲಿ ಉರುಳಿದವು, ಒಂದಕ್ಕೊಂದು ತಾಗಲಿಲ್ಲ. ಹಗಲಿಡೀ ನಾನು ಬಾಗಿಲಲ್ಲಿ ಕೂತು ಬೇವಿನ ಮರವನ್ನು ನೋಡುತ್ತಿದ್ದೆ. ಜೋಲಿ ತೂಗುತ್ತಿತ್ತು. ತಿಪ್ಪವ್ವ ನೊಣ ಹೊಡೆಯುತ್ತ ಏನೋ ಗುನುಗುತ್ತಿದ್ದಳು. ಮಗು ಹಸಿದು ಅಳುವಾಗ ಅಳು ಏರುತ್ತ ಏರುತ್ತ ಹೋಗಿ, ತುದಿಯಲ್ಲಿ ಒಂದು ಕಡೆ ಥಟ್ಟನೆ ನಿಲ್ಲುತ್ತಿತ್ತು. ಮುಖ ಕೆಂಪಾಗಿ, ಬಾಯಿ ತೆರೆದು, ಸದ್ದೇ ಇಲ್ಲ. ಆ ಹೊತ್ತಿನಲ್ಲಿ ಗೋಡೆಯಾಚೆಯ ಮಳೆಸದ್ದೂ ತುಸು ತೆಳುವಾಗುತ್ತಿತ್ತು. ಯಾರದೋ ಎರಡು ಕೈ ನಿಂತಿವೆ ಎಂದು ನನಗೆ ತಿಳಿಯುತ್ತಿತ್ತು. ಆಮೇಲೆ ಮಗು ಉಸಿರೆಳೆದುಕೊಂಡು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿತ್ತು. ತೊಟ್ಟಿಲಮನೆ ಬಾಗಿಲಿಂದ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ದಾಟಲು ಅವಳಿಗೆ ಒಂದು ಪದ ಬೇಕಾಗಿತ್ತು. ಸಂಜೆ ಹೊರಗೆ ಬರುವಾಗ ಅವಳ ಕುಪ್ಪಸದ ಎದೆ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗಿರುತ್ತಿತ್ತು. ನನ್ನ ಕಡೆ ನೋಡದೆ ಮರದ ಕಡೆಗೆ ಓಡುತ್ತಿದ್ದಳು. ಅದೇ ಹೊತ್ತಿಗೆ ಊರಿನ ಅಕ್ಷರಗಳೆಲ್ಲ ಎದ್ದು ಅವಳ ತಲೆಯ ಮೇಲಿನಿಂದ ಕೆರೆಗೆ ಹೋಗುತ್ತಿದ್ದವು.

ನನಗೆ ರಾತ್ರಿ ನಿದ್ದೆ ಸರಿಯಾಗಿ ಹತ್ತದಾಯಿತು. ಯಾಕೆಂದರೆ ಸಾಲಿನ ಗದ್ದಲದಲ್ಲಿ ಬೇರೆ ಯಾರೂ ಗಮನಿಸಿರಲಾರರು ಎಂದುಕೊಂಡಿದ್ದ ಒಂದು ಸಂಗತಿ ನನಗೆ ಗೊತ್ತಿತ್ತು. ಕಡೆಯ ವರ್ಷಗಳಲ್ಲಿ ಅಡಿವಯ್ಯನವರೂ "ಎಡೆ" ಎಂದು ನಿಲ್ಲುತ್ತಿದ್ದರು.

ಕಾರ್ಖಾನೆಯವರು ಕರೆಸಿದರೋ ಹೆಂಗಸರು ಹೇಳಿಕಳಿಸಿದರೋ ತಿಳಿಯದು, ಬಾಳವ್ವ ಇನ್ನೂರ ಮೂವತ್ತೊಂಬತ್ತು ಎಂದ ದಿನ ಹೊರಗಿನ ಊರಿನಿಂದ ಕಾರ್ಮಿಕ ಅಧಿಕಾರಿಗಳು ಬಸ್ಸಿಗೆ ಬಂದಿಳಿದರು. ಜೈನಾಬಿ ಮೇಡಂ ಎಂದು ಹೆಸರು. ನಡುವಯಸ್ಸು, ದಪ್ಪ ಕನ್ನಡಕ, ಬಗಲಲ್ಲಿ ಕಾಗದದ ದೊಡ್ಡ ಕಟ್ಟು. ಆ ದಿನವೆಲ್ಲ ನಾಡಗೌಡರ ಮಾತು, ಬಾಳವ್ವನ ಮಾತು, ಸಾಲಿನ ಹೆಂಗಸರ ಮಾತು ಕೇಳಿ ಕೇಳಿ ಬರೆದುಕೊಂಡರು. "ಮೇಡಂ, ಇಲ್ಲಿ ಬರೀಬಾರದ್ರಿ" ಎಂದು ತಿಪ್ಪವ್ವ ಹೇಳಿದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಬೇವಿನ ಮರದಡಿ ವಿಚಾರಣೆ ಕೂಡಿದಾಗ ಅವರು ಕಟ್ಟು ಬಿಚ್ಚಿದರು. ಹಾಳೆಗಳು ಆಗತಾನೇ ಒಗೆದ ಧೋತರದ ಹಾಗೆ ಬೆಳ್ಳಗಿದ್ದವು. ಒಂದು ಮೂಲೆಯಲ್ಲಿ ಒಂದು ಪೂರ್ಣವಿರಾಮ ಮಾತ್ರ ಉಳಿದಿತ್ತು. ಮೇಡಂ ಅದನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ಮತ್ತ ನಿಮ್ಮೂರಾಗ ದಾಖಲೆ ಅಂದ್ರ ಏನು?"

ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ನನ್ನ ಮಣೆಯನ್ನು ತಂದು ಮರದಡಿ ಹಾಕಿದರು. ನಾನು ಮಣೆಗೆ ಕೈಮುಗಿದು ಕೂತೆ.

ನಾಡಗೌಡರು ಎದ್ದುನಿಂತರು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಮಠದ ದಾಸೋಹಕ್ಕೆ ವರ್ಷಕ್ಕೊಮ್ಮೆ ಅಕ್ಕಿ ಕೊಡುವವರು, ಪುರಾಣ ಕೇಳುವಾಗ ಕಣ್ಣೊರೆಸಿಕೊಳ್ಳುವವರು. "ಮೇಡಂ, ಪದ್ಯದ ಅರ್ಥ ಪದ್ಯದ ನಿಲುಗಡ್ಯಾಗ ಐತಿ. ಕೂಡಿಸಿ ಅಂದ್ರ ಬಿಟ್ಟೂಬಿಡದ ಅಂತ ಆದೀತು, ಬಿಡಿಸಿ ಅಂದ್ರ ಜಾಗ ಬಿಡದ ಅಂತ. ಚಿದಂಬರ ಬಿಡಿಸಿ ಹಾಡತಾನ. ಅದು ಅವ ಹುಟ್ಟಿಸಿದ್ದಲ್ಲ. ಅಡಿವಯ್ಯನವರೂ ಅಲ್ಲೇ ನಿಲ್ಲತಿದ್ರು. ನಾನು ಕೇಳೇನಿ. ನನಗಿಂತ ಚೆನ್ನಾಗಿ ಕೇಳಿದವರು ಇಲ್ಲಿ ಕುಂತಾರ."

ಹಾಗಾದರೆ ಅವರಿಗೂ ಗೊತ್ತಿತ್ತು.

ಮೇಡಂ ನನ್ನ ಕಡೆ ತಿರುಗಿದರು. "ಅಡಿವಯ್ಯನವರು ಎಡೆ ಅಂದು ನಿಂತು, ಆಮ್ಯಾಲ ಬಿಡದೆ ಅನ್ನೋದನ್ನ ನೀವು ಕೇಳೀರಿ?"

ಜೋಲಿ ನಿಂತಿತ್ತು. ಬಾಳವ್ವ ಮಗುವನ್ನು ಹೆಗಲಿಗೆ ಹಾಕಿಕೊಂಡು ಸಾಲಿನ ಮುಂದೆ ನಿಂತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ವಿಶ್ವಾಸವಿತ್ತು. ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟವಾಯಿತು. ಇಲ್ಲ ಎನ್ನುವ ಮಾತು ನನ್ನ ಮಣೆಗೆ ಇಲ್ಲ. ಸುಮ್ಮನಿರಬಹುದು, ಸುಮ್ಮನಿದ್ದರೆ ಕೇಳಲಿಲ್ಲ ಎಂದೇ ಅರ್ಥ. ಅವಳಿಗಾಗಿ ಒಂದು ಸಲ ಸುಮ್ಮನಿದ್ದರೇನು ಎಂದು ಮನಸ್ಸು ಹೇಳಿತು. ಆದರೆ ಕೇಳಿದ್ದನ್ನು ಕೇಳಲಿಲ್ಲ ಎನ್ನುವ ಕಿವಿ ಆಮೇಲೆ ಯಾವ ದೇವರ ಮುಂದೆ ಕೂರಬೇಕು?

"ಕೇಳಿದೆ" ಅಂದೆ.

ಸಾಲಿನಿಂದ ಒಂದು ಸದ್ದು ಎದ್ದಿತು, ಬಿಗಿದ ಹಗ್ಗ ಹರಿದಂಥದ್ದು. ಮಗುವಿನ ಬೆನ್ನು ತಟ್ಟುತ್ತಿದ್ದ ಬಾಳವ್ವನ ಕೈ ನಿಂತಿತು. "ಆತಲ್ರಿ ಮೇಡಂ" ಎಂದು ನಾಡಗೌಡರು ಧೋತರದ ಧೂಳು ಕೊಡವಿಕೊಂಡರು. ಮೇಡಂ ಪೆನ್ನು ಎತ್ತಿ, ಎಲ್ಲಿದ್ದೇನೆಂದು ನೆನಪಾಗಿ ಕೆಳಗಿಟ್ಟರು.

ನಾನು ಕೇಳಿದ್ದು ಅಷ್ಟೇ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಆ ನಿಲುಗಡೆಯ ಒಳಗಿದ್ದುದನ್ನೂ ಕೇಳಿದ್ದೆ. ಅಡಿವಯ್ಯನವರ ಎದೆಯಲ್ಲಿ ಇಪ್ಪತ್ತಾರು ವರ್ಷದ ನಾರಿನ ಧೂಳು ಕೂತಿತ್ತು. "ಎಡೆ" ಎನ್ನುವಷ್ಟರಲ್ಲಿ ಉಬ್ಬಸ ಹಿಡಿಯುತ್ತಿತ್ತು. ಪಕ್ಕದಲ್ಲಿ ಕೂತ ನನಗೆ ಮಾತ್ರ ಕೇಳುವಂತೆ ಒಳಗೆ ಒಂದು ಸಣ್ಣ ಸಿಳ್ಳೆಯಂಥ ಸದ್ದು. ಅವರ ಬೆರಳು ಮಾತ್ರ ತೊಡೆಯ ಮೇಲೆ ತಾಳ ಬಿಡುತ್ತಿರಲಿಲ್ಲ. ಉಸಿರು ಸಿಕ್ಕ ಕೂಡಲೇ ಅದೇ ಸ್ವರದಿಂದ "ಬಿಡದೆ" ಎನ್ನುತ್ತಿದ್ದರು. ಇದನ್ನು ಹೇಳಲು ಒಂದು ಪದ ಸಾಲದು. ಮಣೆಯಿಂದ ಇಳಿದು ಹೇಳಿದರೆ ಅದು ಗುರುಪಾದಪ್ಪನೆಂಬ ಮುದುಕನ ಹರಟೆ, ಕಾಯ್ದೆಯಲ್ಲ. ಮಣೆಯ ಮೇಲೆ ಕೂತೇ ಹೇಳಬೇಕು. ಹೇಳಿದರೆ ಮಣೆ ನನ್ನದಲ್ಲ.

ನಾಲ್ಕು ತಿಂಗಳು. ಕಣ್ಣು ಮುಚ್ಚಿದೆ. ಭೈರವಿಯ ಷಡ್ಜ ಎಲ್ಲೋ ಕೆರೆಯಾಚೆ ಕೇಳಿಸಿದ ಹಾಗಾಯಿತು. ಅದರ ಹಿಂದೆಯೇ ಆ ಮಗುವಿನ ಅಳು, ತುದಿಯಲ್ಲಿ ನಿಂತು ಮತ್ತೆ ಶುರುವಾಗುವ ಅಳು. ಅದನ್ನು ಎರಡು ಅಳು ಎಂದು ಯಾರೂ ಎಣಿಸಿದ್ದನ್ನು ನಾನು ಕೇಳಿಲ್ಲ.

"ತಮ್ಮಾ ಚಿದಂಬರ" ಅಂದೆ.

ಮೂವತ್ತೊಂದು ವರ್ಷದಲ್ಲಿ ಮಣೆಯ ಮೇಲಿನಿಂದ ಬಂದ ಎರಡನೆಯ ಮಾತು ಅದು. ನಾಡಗೌಡರು ಹೌಹಾರಿ, "ಗುರುಪಾದಪ್ಪ, ಮಣಿ! ಮಣಿ ಮ್ಯಾಲ ಕುಂತೀರಿ!" ಎಂದರು.

"ತಮ್ಮಾ, ಆ ಅರ್ಧ ಪದ್ಯ ಹಾಡು. ಸಾರಂಗ ರಾಗದಾಗ, ಸಾವಕಾಶ, ನೀ ದಿನಾ ಹಾಡೂ ಹಂಗ. ಆದ್ರ ನಡುವ ಉಸಿರು ತಗೋಬ್ಯಾಡ."

ಚಿದಂಬರ ನಾಡಗೌಡರನ್ನು ನೋಡಿದ. ಅವನದಿನ್ನೂ ಪರೀಕ್ಷಾವಧಿ, ಎಲ್ಲಿ ನಿಲ್ಲಬೇಕೆಂದು ಅವನಿಗೆ ಹೇಳಿಕೊಟ್ಟವರು ಯಾರೆಂದು ಆ ನೋಟದಲ್ಲಿಯೇ ಎಲ್ಲರಿಗೂ ಕಂಡಿತು. ಆಮೇಲೆ ಅವನು ನನ್ನನ್ನು ನೋಡಿದ. ಹಾಡುವವನಿಗೆ ಹಾಡಬೇಡ ಎನ್ನುವುದು ಯಾರ ಕೈಯಲ್ಲೂ ಆಗದ ಕೆಲಸ. ಕಣ್ಣು ಮುಚ್ಚಿ ಎತ್ತಿಕೊಂಡ. "ಎಡೆಬಿಡದೆ" ಎಂದು ಒಂದೇ ಎಳೆಯಲ್ಲಿ ಎಳೆದ. ಆ ಬೆಳಿಗ್ಗೆ ಅವನ ಕಂಠ ಎಂದಿಗಿಂತ ಚೆನ್ನಾಗಿತ್ತು. ದಿನಗಳು ದಾಟಿದವು, ಇನ್ನೂರು ದಾಟಿತು, ಕೊರಳ ನರ ಉಬ್ಬಿತು, "ನಲುವತ್ತಾಗೆ" ಎನ್ನುವಾಗ ಮುಖ ಕೆಂಪಾಯಿತು. "ಕಾಯಂ" ಎಂದವನು ನಿಂತುಬಿಟ್ಟ. ಎದೆ ತುಂಬ ಗಾಳಿ ಎಳೆದುಕೊಂಡು, ಕಣ್ಣಲ್ಲಿ ನೀರು ತುಂಬಿ, "ಎನಿಸಿ ನಿಲಬೇಕು" ಎಂದು ಮುಗಿಸಿದ.

"ಕಾಯಂ ಅಂದಲ್ಲಿ ಪದ್ಯ ಮುಗೀತೇನಪಾ?" ಎಂದು ಕೇಳಿದೆ.

"ಇಲ್ರಿ ಅಜ್ಜಾರ. ಉಸಿರು ತಗೊಂಡೆ."

"ಎರಡನೇ ಪದ್ಯ ಶುರು ಆತೇನು?"

"ಇಲ್ರಿ. ಅದು... ಅದ ಪದ್ಯ."

"ಉಸಿರು ತಗೊಳ್ಳದ ಇದ್ದಿದ್ರ?"

ಅವನು ನಕ್ಕ. ಹುಡುಗನ ನಗು. "ಬಿದ್ದು ಸಾಯ್ತಿದ್ದೆ."

"ಅಡಿವಯ್ಯನವರೂ ಅಲ್ಲಿ ಉಸಿರೇ ತಗೋತಿದ್ರು, ತಮ್ಮಾ. ಅರ್ಥ ಬಿಡಸ್ತಿರಲಿಲ್ಲ."

ಇಷ್ಟು ಹೇಳಿ ನಾನು ಮಣೆಯಿಂದ ಎದ್ದೆ. ಯಾರೂ ಎಬ್ಬಿಸಲಿಲ್ಲ; ಎಬ್ಬಿಸಬೇಕಾದ ಪದ್ಯ ನನಗೇ ಬಾಯಿಪಾಠವಿತ್ತು. ಮರದ ಬೊಡ್ಡೆಗೆ ಒರಗಿ ತಿಪ್ಪವ್ವನ ಪಕ್ಕ ನಿಂತುಕೊಂಡೆ.

ಜೈನಾಬಿ ಮೇಡಂ ಬಾಳವ್ವನನ್ನು ಹತ್ತಿರ ಕರೆದು ಮಗುವಿನ ಅಂಗಾಲನ್ನು ಹೆಬ್ಬೆರಳಿಂದ ಒಮ್ಮೆ ಸವರಿದರು. "ಹೆರಿಗೆಗೆ ಎಷ್ಟು ದಿನ ಹೋಗಿದ್ದೆವ್ವಾ?"

"ನಲವತ್ತೆರಡ್ರಿ."

"ಹೋಗೋಕಿಂತ ಮೊದಲ?"

"ನೂರಾ ತೊಂಬತ್ತೆಂಟ್ರಿ. ಅಣ್ಣಾರನ್ನ ಕೇಳ್ರಿ."

"ಉಸಿರೂ ಹಾಡಿನ ಲೆಕ್ಕಕ್ಕೇ ಬರತೈತಿ, ಹೌದಲ್ಲೋ ಚಿದಂಬರ? ತಾಳ ಅಂತೂ ನಿಂತಿರಂಗಿಲ್ಲ." ಚಿದಂಬರ ಹೌದೆಂದು ತಲೆಯಾಡಿಸಿದ. ಮೇಡಂ ಬೆರಳು ಮಡಿಚಿ ಎಣಿಸಿದರು. ಎಣಿಸಿ ನಕ್ಕರು. "ನೂರಾ ತೊಂಬತ್ತೆಂಟಕ್ಕ ನಲವತ್ತೆರಡು ಕೂಡಿಸಿದ್ರ ಇನ್ನೂರ ನಲವತ್ತು. ನಿನ್ನ ಲೆಕ್ಕಾನ ತಪ್ಪು ಬಾಳವ್ವ. ನೀ ತಿರುಗಿ ಬಾಗಿಲಿಗೆ ಬಂದಿಯಲ್ಲ, ಅವತ್ತ ನೀ ಕಾಯಂ ಆಗಿದ್ದಿ."

ಬಾಳವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ನನ ಶಿವನ! ಹಂಗಾದ್ರ ಇಷ್ಟು ದಿನ ಸುಮ್ನ ಜಗಳಾಡಿದ್ನೇನ್ರಿ!"

ಮರದಡಿ ಎದ್ದ ನಗೆಯಲ್ಲಿ ಮಗು ಬೆಚ್ಚಿ ಅಳತೊಡಗಿತು. ಬಾಳವ್ವ ಯಾರನ್ನೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲೊಳಗೆ ಹೋದಳು. ನಾನು ಹೆಜ್ಜೆ ಎಣಿಸಿದೆ. ಹತ್ತು. ಆಮೇಲೆ ಅಳು ನಿಂತಿತು, ಈ ಸಲ ಉಸಿರಿಗಲ್ಲ.

ಹೊರಡುವಾಗ ಮೇಡಂ ನನ್ನ ಬಳಿ ಬಂದರು. "ಗುರುಪಾದಪ್ಪನವರ, ಮೂವತ್ತೊಂದು ವರ್ಷ ಈ ಮಣಿ ಮ್ಯಾಲ ಏನ್ ಮಾಡಿದ್ರಿ?"

"ಕೇಳಿದೆ."

"ಇವತ್ತು?"

"ಇವತ್ತೂ ಕೇಳಿದೆ."

ಅವರು ಬಸ್ಸು ಹತ್ತುವ ತನಕ ನಗುತ್ತಿದ್ದರು. ಆದರೆ ಮಣೆಯ ವಿಷಯದಲ್ಲಿ ಅವರೂ ಏನೂ ಮಾಡಲಾರದೇ ಹೋದರು. ಪದ್ಯ ಪದ್ಯವೇ. ಅದೇ ಮಧ್ಯಾಹ್ನ ಚಿದಂಬರ ಬಾಗಿಲಲ್ಲಿ ನಿಂತು ವಜಾದ ಸಂಧಿಯನ್ನು ರಾಗವಿಲ್ಲದೆ ಓದಿದ. ಓದುತ್ತ ಅವನು ಎರಡು ಕಡೆ ನಿಂತುಬಿಟ್ಟ. ಉಸಿರು ತಗೋ ತಮ್ಮಾ, ಎಂದು ನಾನೇ ಹೇಳಬೇಕಾಯಿತು.

ಮಾರನೆಯ ಬೆಳಿಗ್ಗೆ ನಾನು ಬಾಗಿಲ ಈಚೆ, ಬೇವಿನ ಮರದಡಿ ಕೂತಿದ್ದೆ. ಮಣೆಯ ಮೇಲೆ ಹೊಸ ಕೇಳುಗ, ಪಾಪ, ಬೆನ್ನು ನೆಟ್ಟಗೆ ಮಾಡಿಕೊಂಡಿದ್ದ. ಚಿದಂಬರ ನೇಮಕದ ಪದ್ಯ ಎತ್ತಿದ. "ಎಡೆ" ಎಂದು ನಿಂತ. ಸಾಲಿನ ಇನ್ನೂರು ಹೆಂಗಸರು ಒಟ್ಟಿಗೆ ಉಸಿರು ಎಳೆದುಕೊಂಡರು. ಎದೆಗಳು ಏರಿ ಇಳಿದ ಸದ್ದು ಕೆರೆಯ ಅಲೆಯ ಹಾಗೆ ನನ್ನ ತನಕ ಬಂತು. "ಬಿಡದೆ" ಎಂದ. ಆಮೇಲೆ ಸಾಲು ಮುಂದೆ ಸರಿಯಿತು. ಹಿಂದಿನ ದಿನ ನಲವತ್ತೈದು ಎಂದಿದ್ದ ಒಬ್ಬ ಮುದುಕಿ ಬಂದು ಗಂಟಲು ಸರಿಮಾಡಿಕೊಂಡು, "ಮೂರು ಸಾವಿರದ ಆರುನೂರಾ ಎಪ್ಪತ್ತಾರು" ಅಂದಳು. ಹಳೆಯ ಎಣಿಕೆಗಳನ್ನೆಲ್ಲ ಕೂಡಿಸಿ, ನಡುವೆ ಮನೆಗೆ ಕಳಿಸಿದ್ದ ಮೂರು ಮೂರು ದಿನಗಳನ್ನೂ ಉಸಿರಿನ ಲೆಕ್ಕಕ್ಕೆ ಸೇರಿಸಿದ್ದಳು. ಅವಳ ಹಿಂದಿನವಳದು ನಾಲ್ಕು ಸಾವಿರ ದಾಟಿತ್ತು. ಹೊಸ ಕೇಳುಗ ಬೆವರುತ್ತ ಎಲ್ಲಕ್ಕೂ ಕೇಳಿದೆ, ಕೇಳಿದೆ ಎನ್ನುತ್ತಿದ್ದ. ನಾಡಗೌಡರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ನನ್ನ ನಾಲ್ಕು ತಿಂಗಳು ಮನೆಯಲ್ಲೇ ಮುಗಿದವು. ಮುಗಿದ ದಿನ ಯಾವುದೆಂದು ನಾನು ಯಾರಿಗೂ ಹೇಳಿರಲಿಲ್ಲ, ಆದರೆ ದಿನ ಎಣಿಸುವವರು ನಾನೊಬ್ಬನೇ ಅಲ್ಲವಲ್ಲ. ಆ ದಿನ ಸಂಜೆ ಅಕ್ಷರಗಳು ಏಳುವ ಹೊತ್ತಿಗೆ ಬಾಳವ್ವ ಬಂದಳು, ಸೊಂಟದಲ್ಲಿ ಮಗು. ಇನ್ನೊಂದು ಕೈಯಲ್ಲಿ ತಿಪ್ಪವ್ವನನ್ನು ಹಿಡಿದುಕೊಂಡಿದ್ದಳು.

"ಅಣ್ಣಾರ, ಹೊರಗ ಬಂದು ನಿಂದರ್ರಿ" ಅಂದಳು. "ಬಾಗಿಲದಾಗ ನಿಂದರಬೇಕಂತ ಐತಿ."

ನಾನು ಹೊಸ್ತಿಲ ಮೇಲೆ ನಿಂತೆ. ಅವಳು ಕಣ್ಣು ಮುಚ್ಚಿ ಶುರುಮಾಡಿದಳು. "ದುಡಿದ ಕೈಗಳಿಗಿನ್ನು ಬಿಡುವಿರಲೊಡಲಿಗಾಗಲಿ ನೆಳಲು ತಂಪಿನ ಗಿಡದ ಕೆಳಗಿರಲೆನ್ನುತೆಲ್ಲರು ಹರಸಿ ಕಳುಹುವೆವು." ಅದು ಭೈರವಿಯಾಗಿರಲಿಲ್ಲ. ಹಗ್ಗ ಹೊಸೆಯುವಾಗ ಹೆಂಗಸರು ಹಾಡಿಕೊಳ್ಳುವ ಯಾವುದೋ ಧಾಟಿ. ಹೆಸರು ಸೇರಿಸಬೇಕಾದಲ್ಲಿ ಷಟ್ಪದಿಗೆ ಕೂಡದಂತೆ "ನಮ್ಮ ಗುರುಪಾದಣ್ಣ" ಎಂದು ಎರಡು ಮಾತ್ರೆ ಹೆಚ್ಚು ಸೇರಿಸಿದಳು. ಎರಡನೆಯ ಅರ್ಧದ ನಡುವೆ ಪದ ಮರೆತು ನಿಂತಳು. ಮಗು ಅವಳ ಬಾಯನ್ನೇ ನೋಡುತ್ತ ಕಾಯುತ್ತಿತ್ತು. ನಮ್ಮ ತಲೆಯ ಮೇಲೆ ಊರಿನ ಅಕ್ಷರಗಳು ಕೆರೆಗೆ ಹೋಗುತ್ತಿದ್ದವು.

ನನಗೆ ಆ ಪದ ಗೊತ್ತಿತ್ತು. ಹೇಳಿಕೊಡಲಿಲ್ಲ. ಅವಳು ಉಸಿರೆಳೆದುಕೊಂಡು ಮುಂದುವರಿಸುವ ತನಕ ಕೈಕಟ್ಟಿ ಕಾದೆ.